ಮನೆಯಲ್ಲಿ ಫ್ಲೂಟೆಡ್ ಗೋಡೆ: ಬೆಳಕು ಎಲ್ಲಿಂದ, ಒರೆಸೋದು ಯಾರು?

ವಿಜಯನಗರದ ಒಂದು ಮನೆ. ಟಿವಿ ಗೋಡೆಗೆ ಅಂತ ಆರಿಸಿದ್ದ, ಉದ್ದಕ್ಕೂ ಸಾಲು ಗುಳಿಗಳಿರುವ ಫ್ಲೂಟೆಡ್ ಪ್ಯಾನೆಲ್‌ನ ತುಂಡೊಂದನ್ನು ಹಿಡಿದು ಹಾಲ್‌ನಲ್ಲಿ ನಿಂತಿದ್ದೆ. ಗಂಡ, ಹೆಂಡತಿ ಇಬ್ಬರಿಗೂ ಇಷ್ಟವಾಗಿತ್ತು. ಸೋಫಾದ ಮೂಲೆಯಲ್ಲಿ ಕೂತಿದ್ದ ಅಜ್ಜಿ ಕೈ ಚಾಚಿ ಅದನ್ನು ಇಸಿದುಕೊಂಡರು. ಒಂದೊಂದೇ ಗುಳಿಯಲ್ಲಿ ಬೆರಳು ಓಡಿಸಿದರು. ಆಮೇಲೆ ಕೇಳಿದರು: "ಚೆನ್ನಾಗಿದೆ ಕಣಮ್ಮ. ಇದನ್ನ ಒರೆಸೋರು ಯಾರು?"

ಹದಿನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿ ಮನೆಗಳ ಇಂಟೀರಿಯರ್ ಕೆಲಸ ಮಾಡುತ್ತಿದ್ದೇನೆ. ಅಜ್ಜಿ ಕೇಳಿದ ಆ ಪ್ರಶ್ನೆಯನ್ನು ಈಗ ಪ್ರತಿ ಮನೆಯಲ್ಲೂ ನಾನೇ ಮೊದಲು ಕೇಳುತ್ತೇನೆ. ಜೊತೆಗೆ ಇನ್ನೊಂದು ಪ್ರಶ್ನೆ ಇದೆ, ಅದು ಅಪ್ಪನದು. ಅಪ್ಪ ಅರಸೀಕೆರೆಯಲ್ಲಿ ಮರಗೆಲಸ ಮಾಡುತ್ತಿದ್ದರು. ಬಾಗಿಲಿನ ಚೌಕಟ್ಟಿಗೆ ಗೆರೆ ಕೊರೆಯುವ ಮುಂಚೆ ಮನೆಯವರನ್ನು "ಇದಕ್ಕೆ ಬಿಸಿಲು ಯಾವ ಕಡೆಯಿಂದ ಬೀಳುತ್ತೆ?" ಅಂತ ವಿಚಾರಿಸುತ್ತಿದ್ದರು. ಗೆರೆ ಎಷ್ಟು ಆಳ ಇರಬೇಕು ಅನ್ನೋದನ್ನು ಆ ಉತ್ತರ ಕೇಳಿದ ಮೇಲೆ ತೀರ್ಮಾನಿಸುತ್ತಿದ್ದರು.

ಫ್ಲೂಟೆಡ್ ಕೆಲಸ ಮಾಡಿಸಬೇಕು ಅಂತಿರುವವರು ಈ ಎರಡು ಪ್ರಶ್ನೆ ಇಟ್ಟುಕೊಂಡು ಶುರು ಮಾಡಿ. ಬಣ್ಣ, ಮೆಟೀರಿಯಲ್, ಅಳತೆ ಎಲ್ಲವೂ ಅಲ್ಲಿಂದಲೇ ಹೊರಡುತ್ತವೆ.

ಬಿದಿರು ಸೀಳಿದ ಹಾಗೆ

ಅಂಗಡಿಯಲ್ಲಿ ಎಲ್ಲವನ್ನೂ ಫ್ಲೂಟೆಡ್ ಅಂತಲೇ ಕರೆಯುತ್ತಾರೆ. ಕೆಲವರು ಲೂವರ್ಸ್ ಅನ್ನುತ್ತಾರೆ. ಆದರೆ ಇಲ್ಲಿ ಎರಡು ಬೇರೆ ಬೇರೆ ಆಕಾರಗಳಿವೆ. ಒಂದು ಬಿದಿರನ್ನು ಉದ್ದಕ್ಕೆ ಎರಡಾಗಿ ಸೀಳಿದಿರಿ ಅಂತ ಇಟ್ಟುಕೊಳ್ಳಿ. ಅಂಥ ಸೀಳುಗಳನ್ನು ಗೋಡೆಗೆ ಸಾಲಾಗಿ, ಬೆನ್ನು ನಮ್ಮ ಕಡೆ ಬರುವ ಹಾಗೆ ನಿಲ್ಲಿಸಿದರೆ ಅದು ರೀಡೆಡ್. ಟೊಳ್ಳು ನಮ್ಮ ಕಡೆ ಬಂದರೆ ಅದು ಫ್ಲೂಟೆಡ್. ಒಂದರಲ್ಲಿ ಉಬ್ಬು, ಇನ್ನೊಂದರಲ್ಲಿ ಗುಳಿ.

ಇದು ಸುಮ್ನೆ ಹೆಸರಿನ ವ್ಯತ್ಯಾಸ ಅಲ್ಲ. ರೀಡೆಡ್‌ನಲ್ಲಿ ಎರಡು ಉಬ್ಬು ಸೇರುವ ಕಡೆ ಕಿರಿದಾದ ಸಂದು ಉಳಿಯುತ್ತದೆ. ಅಲ್ಲಿಗೆ ಬೆರಳು ಹೋಗಲ್ಲ, ಬಟ್ಟೆಯೂ ಹೋಗಲ್ಲ, ಧೂಳು ಮಾತ್ರ ಹೋಗಿ ಕೂರುತ್ತದೆ. ಫ್ಲೂಟೆಡ್‌ನ ಗುಳಿ ದುಂಡಗಿರುತ್ತದೆ, ಬೆರಳಿಗೆ ಬಟ್ಟೆ ಸುತ್ತಿ ಎಳೆದರೆ ಆಯಿತು. ಆದರೆ ಅದರಲ್ಲಿ ಗುಳಿಗಳ ಮಧ್ಯದ ಅಂಚು ಚೂಪಾಗಿರುತ್ತದೆ. ಮಕ್ಕಳ ಸೈಕಲ್ ತಗುಲಿದರೆ, ವ್ಯಾಕ್ಯೂಮ್ ಕ್ಲೀನರ್ ಗುದ್ದಿದರೆ, ಮೊದಲು ಕಿತ್ತು ಬರುವುದು ಆ ಅಂಚೇ.

ಈ ತೊಂದರೆ ಹೊಸದಲ್ಲ. ಹಳೆಯ ಗ್ರೀಕ್ ಕಂಬಗಳಲ್ಲಿ ಡೋರಿಕ್ ಶೈಲಿಯ ಕಂಬಕ್ಕೆ ಸಾಮಾನ್ಯವಾಗಿ 20 ಗುಳಿ, ಒಂದು ಮುಗಿದ ಕಡೆಯೇ ಇನ್ನೊಂದು ಶುರು, ನಡುವೆ ಚೂಪು ಅಂಚು. ಅಯೋನಿಕ್ ಕಂಬಕ್ಕೆ 24 ಗುಳಿ, ಪ್ರತಿ ಎರಡರ ನಡುವೆ ಸಣ್ಣ ಚಪ್ಪಟೆ ಪಟ್ಟಿ. ಎಷ್ಟೋ ಹಳೆಯ ಕಂಬಗಳಲ್ಲಿ ಕೆಳಗಿನ ಮೂರನೇ ಒಂದು ಭಾಗದ ಗುಳಿಗಳನ್ನು ದುಂಡು ಕಡ್ಡಿಯಂಥ ಆಕಾರದಿಂದ ತುಂಬಿರುತ್ತಾರೆ. ಜನ ಓಡಾಡುವಾಗ, ಸಾಮಾನು ತಗುಲುವಾಗ ಏಟು ಬೀಳುವುದು ಆ ಎತ್ತರದಲ್ಲಿ, ಅಲ್ವಾ? ನಾನು ಇದೇ ಎರಡು ಉಪಾಯಗಳನ್ನು ನಮ್ಮ ಮನೆಗಳಿಗೆ ತಂದುಕೊಂಡಿದ್ದೇನೆ. ಚಿಕ್ಕ ಮಕ್ಕಳಿರುವ ಮನೆಯಾದರೆ ಗುಳಿಗಳ ನಡುವೆ 4 ಅಥವಾ 5 ಮಿಲಿಮೀಟರ್ ಚಪ್ಪಟೆ ಪಟ್ಟಿ ಬಿಡಿಸುತ್ತೇನೆ. ಓಡಾಡುವ ದಾರಿಯಲ್ಲಿದ್ದರೆ ಕೆಳಗಿನ ಒಂದು ಅಡಿಯನ್ನು ಪ್ಲೇನ್ ಇಡಿಸುತ್ತೇನೆ.

ಮೊದಲು ಟಾರ್ಚ್ ಹಿಡಿಯಿರಿ

ಚಿಕ್ಕವಳಿದ್ದಾಗ ಅಪ್ಪ ಹಳೇಬೀಡಿಗೆ ಕರೆದುಕೊಂಡು ಹೋಗಿದ್ದರು. ಹೊರಗಿನ ಶಿಲ್ಪಗಳ ಮುಂದೆ ಎಲ್ಲರೂ ನಿಂತಿದ್ದರೆ, ಅಪ್ಪ ಒಳಗೆ ಕಂಬಗಳ ಹತ್ತಿರ ನಿಂತುಬಿಟ್ಟಿದ್ದರು. ಬಳಪದ ಕಲ್ಲಿನ ಆ ಕಂಬಗಳ ಮೈಮೇಲೆ ಬಳೆ ತೊಡಿಸಿದ ಹಾಗೆ ಸುತ್ತಲೂ ಗೆರೆಗಳಿವೆ. ಬಾಗಿಲಿನಿಂದ, ಜಾಲಂಧ್ರಗಳಿಂದ ಬೆಳಕು ಓರೆಯಾಗಿ ಬರುತ್ತದೆ. ಪ್ರತಿ ಗೆರೆಯ ಒಂದು ಮಗ್ಗುಲು ಹೊಳೆಯುತ್ತದೆ, ಇನ್ನೊಂದು ಮಗ್ಗುಲು ಕಪ್ಪಾಗುತ್ತದೆ. ಅಪ್ಪ ತನ್ನ ಅಂಗೈಯನ್ನು ಅಡ್ಡ ಹಿಡಿದು ಬೆಳಕು ತಡೆದರು. ಗೆರೆ ಮಾಯವಾಯಿತು. ಕೈ ತೆಗೆದರು, ಬಂತು. ಅವತ್ತು ಅವರು ಏನೂ ವಿವರಿಸಲಿಲ್ಲ. ವಿವರಿಸುವ ಅಗತ್ಯವೂ ಇರಲಿಲ್ಲ.

ನಿಮ್ಮ ಮನೆಯಲ್ಲೂ ಅದನ್ನೇ ಮಾಡಿ ನೋಡಬಹುದು. ಅಂಗಡಿಯಿಂದ ಕನಿಷ್ಠ ಒಂದು ಅಡಿ ಅಗಲದ ಸ್ಯಾಂಪಲ್ ಕೇಳಿ ತನ್ನಿ. ಬೆರಳಗಲದ ತುಂಡು ಸಾಲದು. ಅದನ್ನು ಗೋಡೆಗೆ ಟೇಪ್ ಹಾಕಿ ಅಂಟಿಸಿ. ಸಂಜೆ ಲೈಟ್ ಆರಿಸಿ ಮೊಬೈಲ್ ಟಾರ್ಚ್ ಹಾಕಿ. ಎದುರಿನಿಂದ ನೇರ ಹಿಡಿದರೆ ಪ್ಯಾನೆಲ್ ಚಪ್ಪಟೆ ಹಲಗೆಯ ಹಾಗೆ ಕಾಣುತ್ತದೆ. ಟಾರ್ಚನ್ನು ಗೋಡೆಗೆ ಹತ್ತಿರ ತಂದು ಪಕ್ಕದಿಂದ ಹಿಡಿದರೆ ಗುಳಿಗಳೆಲ್ಲ ಎದ್ದು ನಿಲ್ಲುತ್ತವೆ.

ಹಾಗಾಗಿ ಹಗಲಿನ ಬೆಳಕಿಗೆ ಒಳ್ಳೆಯ ಜಾಗ ಯಾವುದು? ಕಿಟಕಿ ಇರುವ ಗೋಡೆಯ ಪಕ್ಕದ ಗೋಡೆ. ಅದರ ಮೇಲೆ ಬೆಳಕು ಓರೆಯಾಗಿ ಜಾರಿಕೊಂಡು ಹೋಗುತ್ತದೆ. ಕಿಟಕಿಗೆ ಎದುರಿನ ಗೋಡೆ ಅಷ್ಟು ಒಳ್ಳೆಯದಲ್ಲ, ಅಲ್ಲಿ ಬೆಳಕು ನೇರ ಬಡಿದು ನೆರಳು ಸತ್ತುಹೋಗುತ್ತದೆ. ಕಿಟಕಿ ಇರುವ ಗೋಡೆಗೇ ಹಾಕಿದರೆ ದುಡ್ಡು ದಂಡ. ಹೊರಗಿನ ಬೆಳಕು ಕಣ್ಣಿಗೆ ಹೊಡೆಯುವಾಗ ಆ ಗೋಡೆ ಕತ್ತಲಾಗಿಯೇ ಕಾಣುತ್ತದೆ.

ರಾತ್ರಿಗೆ ಎಲ್‌ಇಡಿ ಸ್ಟ್ರಿಪ್ ಬೇಕು ಅಂತಿದ್ದರೆ ಪ್ಯಾನೆಲ್‌ನ ಒಂದು ಪಕ್ಕದಲ್ಲಿ, ನಿಂತ ಸಾಲಾಗಿ ಕೊಡಿಸಿ. ಎಲ್ಲರೂ ಸೀಲಿಂಗ್‌ನಿಂದ ಕೆಳಕ್ಕೆ ಬೆಳಕು ಬಿಡಿಸುತ್ತಾರೆ. ಆದರೆ ಗುಳಿಗಳು ಮೇಲಿಂದ ಕೆಳಕ್ಕೇ ಇರುವಾಗ ಆ ಬೆಳಕು ಗುಳಿಯ ಉದ್ದಕ್ಕೇ ಇಳಿದು ಹೋಗುತ್ತದೆ, ನೆರಳು ಅಷ್ಟಾಗಿ ಹುಟ್ಟುವುದಿಲ್ಲ. ಬೆಳಕು ಗೆರೆಯನ್ನು ಅಡ್ಡ ದಾಟಬೇಕು. ಬೆಳಕಿನ ಬಣ್ಣ 3000 ಕೆಲ್ವಿನ್, ಅಂದರೆ ಬೆಚ್ಚನೆಯ ಹಳದಿ ಛಾಯೆಯದು ಇರಲಿ, ಮರದ ಬಣ್ಣಕ್ಕೆ ಅದು ಹೊಂದುತ್ತದೆ. ಒಂದು ಎಚ್ಚರಿಕೆ. ಓರೆ ಬೆಳಕು ಗುಳಿಯನ್ನು ತೋರಿಸಿದ ಹಾಗೆಯೇ ಪುಟ್ಟಿಯ ಗಂಟು, ಜಾಯಿಂಟ್‌ನ ಏರುಪೇರು, ಬ್ರಷ್‌ನ ಕೂದಲು ಎಲ್ಲವನ್ನೂ ತೋರಿಸುತ್ತದೆ. ಅಂಥ ಬೆಳಕು ಕೊಡುವುದಾದರೆ ಕೊನೆಯ ಕೋಟ್ ಬಳಿಯುವ ಮುಂಚೆ ಆ ಲೈಟ್ ಹಾಕಿಸಿಯೇ ಗೋಡೆ ಪರೀಕ್ಷೆ ಮಾಡಿ.

ಬಣ್ಣದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿಯಾಗಿದೆ. ಕಪ್ಪು, ಗಾಢ ವಾಲ್‌ನಟ್ ಬಣ್ಣದ ಪ್ಯಾನೆಲ್‌ಗಳು ಈಗ ಜಾಸ್ತಿ ಹೋಗುತ್ತಿವೆ. ಕಪ್ಪು ಮೈಮೇಲೆ ಕಪ್ಪು ನೆರಳು ಬಿದ್ದರೆ ಕಾಣುವುದು ಹೇಗೆ? ತಿಳಿ ತೇಗದ ಬಣ್ಣ, ಮಣ್ಣಿನ ಬಣ್ಣ, ಹಾಲು ಬಿಳುಪು, ಇವುಗಳ ಮೇಲೆ ನೆರಳು ಚೆನ್ನಾಗಿ ಕೂರುತ್ತದೆ. ಮ್ಯಾಟ್ ಫಿನಿಶ್ ತೆಗೆದುಕೊಳ್ಳಿ. ಹೊಳಪಿನ ಗ್ಲಾಸಿ ಫಿನಿಶ್‌ನಲ್ಲಿ ಪ್ರತಿ ಗುಳಿಯಲ್ಲೂ ಟ್ಯೂಬ್‌ಲೈಟ್ ಒಂದೊಂದು ಸಲ ಹೊಳೆದು ಕಣ್ಣಿಗೆ ಹಿಂಸೆ.

ಎಷ್ಟು ದೂರದಿಂದ ನೋಡುತ್ತೀರಿ?

ಗುಳಿಯ ಅಗಲ ಆರಿಸುವಾಗ ಜನ ಅಂಗಡಿಯಲ್ಲಿ ಪ್ಯಾನೆಲ್ ಕೈಲಿ ಹಿಡಿದು ನೋಡುತ್ತಾರೆ. ಕೈಲಿ ಹಿಡಿದಾಗ ಕಣ್ಣಿಗೆ ಒಂದೂವರೆ ಅಡಿ ದೂರ. ಮನೆಗೆ ಬಂದ ಮೇಲೆ ಸೋಫಾದಿಂದ ಹತ್ತು ಅಡಿ. 10 ಮಿಲಿಮೀಟರ್‌ನ ಗುಳಿ ಅಷ್ಟು ದೂರಕ್ಕೆ ತೀರಾ ಸಣ್ಣದಾಗಿ ಕಾಣುತ್ತದೆ, ನೆರಳು ಅಷ್ಟಾಗಿ ಎದ್ದು ಬರಲ್ಲ.

ನಾನು ಇಟ್ಟುಕೊಂಡಿರುವ ಲೆಕ್ಕ ಹೀಗಿದೆ. ಹಾಸಿಗೆ ಪಕ್ಕದ ಚಿಕ್ಕ ಟೇಬಲ್, ಡ್ರಾಯರ್, ವಾಶ್ ಬೇಸಿನ್ ಕೆಳಗಿನ ಕಪಾಟು, ಇವನ್ನು ಹತ್ತಿರದಿಂದ ನೋಡುತ್ತೇವೆ. ಇವಕ್ಕೆ 10ರಿಂದ 15 ಮಿಲಿಮೀಟರ್ ಸಾಕು. ಟಿವಿ ಗೋಡೆ, ಮಂಚದ ತಲೆಭಾಗದ ಗೋಡೆಗೆ 20ರಿಂದ 30. ಮನೆಯ ಹೊರಗೆ, ರಸ್ತೆಯಿಂದ ನೋಡುವ ಎಲಿವೇಶನ್‌ಗೆ 50 ಅಥವಾ ಇನ್ನೂ ಹೆಚ್ಚು. ಇದು ನನ್ನ ಅಭ್ಯಾಸದ ಲೆಕ್ಕ, ಒಂದೆರಡು ಮಿಲಿಮೀಟರ್ ಆಚೀಚೆ ಆದರೆ ಏನೂ ಆಗಲ್ಲ.

ಮನೆಯಿಂದ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ವಿಡಿಯೋ ಕಾಲ್‌ನಲ್ಲಿ ನಿಮ್ಮ ಬೆನ್ನ ಹಿಂದೆ ಸಣ್ಣ ಗೆರೆಗಳ ಗೋಡೆ ಇದ್ದರೆ ಕ್ಯಾಮೆರಾದಲ್ಲಿ ಅದು ಅಲೆ ಅಲೆಯಾಗಿ ನಡುಗುತ್ತದೆ. ಗೆರೆಯುಳ್ಳ ಶರ್ಟ್ ಟಿವಿಯಲ್ಲಿ ಮಿಣುಕುವುದನ್ನು ನೋಡಿರುತ್ತೀರಿ, ಅದೇ ಇದು. ಆ ಗೋಡೆಗೆ ದೊಡ್ಡ ಗುಳಿ ಹಾಕಿಸಿ, ಇಲ್ಲವೇ ಹಾಗೇ ಬಿಟ್ಟುಬಿಡಿ.

ಯಾವುದರಲ್ಲಿ ಮಾಡಿಸೋದು

ಅಗ್ಗವಾಗಿ, ಬೇಗ ಆಗುವುದು ರೆಡಿ ಪ್ಯಾನೆಲ್. ಪಿವಿಸಿ (ಪ್ಲಾಸ್ಟಿಕ್), ಡಬ್ಲ್ಯುಪಿಸಿ (ಮರದ ಪುಡಿ ಬೆರೆಸಿದ ಪ್ಲಾಸ್ಟಿಕ್), ಚಾರ್ಕೋಲ್ ಅಂತೆಲ್ಲ ಹೆಸರು. ಒಂದರ ಅಂಚು ಇನ್ನೊಂದರೊಳಗೆ ಸೇರುವ ಹಾಗೆ ಮಾಡಿರುತ್ತಾರೆ. ನೀರಿಗೆ ಊದಲ್ಲ, ಗೆದ್ದಲು ಹತ್ತಲ್ಲ. ಬಾಡಿಗೆಗೆ ಕೊಡುವ ಮನೆ, ನೆಲಮಹಡಿಯ ತೇವದ ಗೋಡೆ, ಇಲ್ಲೆಲ್ಲ ನಾನು ಇದನ್ನೇ ಹೇಳುತ್ತೇನೆ. ಆದರೆ ಒಂದು ಸಲ ಆಳವಾಗಿ ಗೀರು ಬಿದ್ದರೆ ರಿಪೇರಿ ಕಷ್ಟ, ಆ ಪಟ್ಟಿಯನ್ನೇ ಬದಲಿಸಬೇಕು. ಬಿಸಿಗೂ ಆಗಿಬರಲ್ಲ. ಸ್ಟವ್ ಹತ್ತಿರ, ದೀಪದ ಹತ್ತಿರ ಪಿವಿಸಿ ಬೇಡ. ಕೆಲಸ ಮುಗಿದ ಮೇಲೆ ಎರಡು ಪಟ್ಟಿ ಹೆಚ್ಚಿಗೆ ತೆಗೆದುಕೊಂಡು ಅಟ್ಟದ ಮೇಲಿಡಿ. ಮುಂದಿನ ವರ್ಷ ಅದೇ ಬಣ್ಣ ಸಿಗುತ್ತದೆ ಅನ್ನುವ ನಂಬಿಕೆ ಇಟ್ಟುಕೊಳ್ಳಬೇಡಿ.

ಎಂಡಿಎಫ್‌ನಲ್ಲಿ, ಅಂದರೆ ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆಯಲ್ಲಿ, ಬೇಕಾದ ಅಳತೆಯ ಗುಳಿ ಕೊರೆಸಬಹುದು, ಬೇಕಾದ ಬಣ್ಣ ಹೊಡೆಸಬಹುದು. 18 ಮಿಲಿಮೀಟರ್ ಹಲಗೆಯಾದರೆ ಗುಳಿಯ ಆಳ 8 ದಾಟದ ಹಾಗೆ ನೋಡಿಕೊಳ್ಳಿ, ಹಿಂದೆ 10 ಉಳಿಯಬೇಕು. ಕೊರೆದ ಜಾಗ ಬಣ್ಣ ಕುಡಿಯುತ್ತದೆ, ಅಲ್ಲಿಗೆ ಸೀಲರ್ ಒಂದು ಕೋಟ್ ಜಾಸ್ತಿ ಬೇಕು. ಆದರೆ ಎಂಡಿಎಫ್‌ಗೆ ನೀರು ಅಂದರೆ ಶತ್ರು. ಇದನ್ನು ನಾನು ನಷ್ಟ ಮಾಡಿಕೊಂಡು ಕಲಿತೆ. ಆರು ವರ್ಷದ ಹಿಂದೆ ಒಂದು ಮನೆಯಲ್ಲಿ ಪ್ಯಾನೆಲ್ ಅನ್ನು ನೆಲ ಮುಟ್ಟುವ ತನಕ ಇಳಿಸಿದ್ದೆ. ನೋಡಲು ಬಹಳ ಚೆನ್ನಾಗಿತ್ತು. ಗೌರಿ ಹಬ್ಬಕ್ಕೆ ಮನೆಯವರು ಬಕೆಟ್ ನೀರು ಹಾಕಿ ಹಾಲ್ ತೊಳೆದರು. ಯಾಕೆ ತೊಳೆಯಬಾರದು, ಅವರ ಮನೆ, ಅವರ ಹಬ್ಬ. ದೀಪಾವಳಿಯ ಹೊತ್ತಿಗೆ ಕೆಳಗಿನ ಎರಡು ಇಂಚು ಊದಿ, ಬಣ್ಣ ಬಿರಿದು ನಿಂತಿತ್ತು. ನನ್ನ ಖರ್ಚಿನಲ್ಲಿ ಇಡೀ ಗೋಡೆ ಬಿಚ್ಚಿಸಿ ಮತ್ತೆ ಮಾಡಿಸಿದೆ. ಅವತ್ತಿನಿಂದ ನೆಲದ ಮೇಲೆ ನಾಲ್ಕು ಇಂಚು ಗ್ರಾನೈಟ್ ಅಥವಾ ಟೈಲ್ ಸ್ಕರ್ಟಿಂಗ್, ಅದರ ಮೇಲೆಯೇ ಪ್ಯಾನೆಲ್. ಪ್ಯಾನೆಲ್‌ನ ಕೆಳ ಅಂಚಿಗೂ ಸೀಲರ್ ಬಳಿಸುತ್ತೇನೆ. ಆ ಅಂಚು ಯಾರ ಕಣ್ಣಿಗೂ ಬೀಳಲ್ಲ, ಅದಕ್ಕೇ ಎಲ್ಲರೂ ಮರೆಯುತ್ತಾರೆ. ಎಚ್‌ಡಿಎಚ್‌ಎಂಆರ್ ಅಂತ ಸಿಗುವ ಹಲಗೆ ತೇವವನ್ನು ಇದಕ್ಕಿಂತ ಚೆನ್ನಾಗಿ ತಡೆಯುತ್ತದೆ, ತೂಕ ಮಾತ್ರ ಹೆಚ್ಚು.

ನನಗೆ ತುಂಬಾ ಇಷ್ಟವಾದದ್ದು ಪ್ಲೈವುಡ್ ಮೇಲೆ ಮರದ ಅರ್ಧ ದುಂಡು ಬೀಡಿಂಗ್, ಅಂದರೆ ಸಣ್ಣ ಮರದ ಪಟ್ಟಿ. ಅಪ್ಪ ಮಾಡುತ್ತಿದ್ದದ್ದೂ ಇದೇ ಕೆಲಸ, ಆಗ ಇದಕ್ಕೆ ರೀಡೆಡ್ ಅನ್ನುವ ಹೆಸರು ನಮಗೆ ಗೊತ್ತಿರಲಿಲ್ಲ ಅಷ್ಟೆ. ಒಂದೊಂದೇ ಬೀಡಿಂಗ್‌ಗೆ ಫೆವಿಕಾಲ್ ಹಚ್ಚಿ, ತಲೆಯಿಲ್ಲದ ಸಣ್ಣ ಮೊಳೆ ಹೊಡೆದು ಕೂರಿಸಬೇಕು. ಸಮಯ ಹಿಡಿಯುತ್ತದೆ. ಮರ ತಂದ ದಿನವೇ ಹೊಡೆಯಬಾರದು. ಒಂದು ವಾರ ಅದೇ ರೂಮಿನಲ್ಲಿ ಬಿಚ್ಚಿಡಿ. ಆ ರೂಮಿನ ಗಾಳಿಗೆ ಮರ ಹೊಂದಿಕೊಳ್ಳಲಿ. ಇಲ್ಲದಿದ್ದರೆ ಬೇಸಿಗೆಯಲ್ಲಿ ಕುಗ್ಗಿ ನಡುವೆ ಬಿಳಿ ಗೆರೆ ಕಾಣುತ್ತದೆ. ಅದಕ್ಕೇ ಹಿಂದಿನ ಪ್ಲೈಗೆ ಮೊದಲೇ ಅದೇ ಬಣ್ಣದ ಸ್ಟೇನ್ ಹೊಡೆಸಿಡಿ.

ಪೇಂಟರ್ ರೇಟ್ ಹೇಳುವಾಗ ಇಲ್ಲಿ ಒಂದು ಜಗಳ ಆಗುತ್ತದೆ. ಅದನ್ನು ಮೊದಲೇ ತಪ್ಪಿಸಬಹುದು. ಅರ್ಧ ದುಂಡಿನ ಮೈ, ಅದೇ ಅಗಲದ ಚಪ್ಪಟೆ ಹಲಗೆಯ ಸುಮಾರು 1.57 ಪಟ್ಟು. ಅಂದರೆ ಅಳತೆಯಲ್ಲಿ 40 ಚದರ ಅಡಿ ಇರುವ ಗೋಡೆಯಲ್ಲಿ ಬಣ್ಣ ಹೊಡೆಯಬೇಕಾದ ಮೈ ಸುಮಾರು 63 ಚದರ ಅಡಿ. ಪೇಂಟರ್ ಜಾಸ್ತಿ ಕೇಳಿದರೆ ಅದು ನ್ಯಾಯವೇ. ಕೆಲಸ ಶುರುವಾಗುವ ಮುಂಚೆ ಕೂತು ಮಾತಾಡಿಕೊಳ್ಳಿ.

ಹೊರಗಿನ ಗೋಡೆಗೆ ನಮ್ಮ ಸಾದರಹಳ್ಳಿ ಕಲ್ಲಿನಲ್ಲಿ (ಬೂದು ಗ್ರಾನೈಟ್) ಗುಳಿ ಕೊರೆಸಿದರೆ ಬಿಸಿಲಿಗೆ, ಮಳೆಗೆ ಯೋಚನೆಯೇ ಇಲ್ಲ. ಮಲೆನಾಡು, ಕರಾವಳಿಯ ಕಡೆಯವರು ಮಾತ್ರ ಮಳೆ ಬಡಿಯುವ ಗೋಡೆಗೆ ಕಿರಿದಾದ ಗುಳಿ ಬೇಡ ಅನ್ನಿ. ಪಾಚಿ ಕಟ್ಟಿದರೆ ತೆಗೆಯುವುದು ಕಷ್ಟ.

ಟೇಪ್ ಹಿಡಿದು ಲೆಕ್ಕ ಹಾಕುವ ಕೆಲಸ

ಈ ಭಾಗ ಓದಲು ಬೇಜಾರು ಅನ್ನಿಸಬಹುದು. ಆದರೆ ಒಳ್ಳೆಯ ಕೆಲಸ, ಕೆಟ್ಟ ಕೆಲಸ ಬೇರೆಯಾಗುವುದು ಇಲ್ಲೇ. ಗೋಡೆಯ ಎಡಗಡೆ ಪೂರ್ತಿ ಗುಳಿ, ಬಲಗಡೆ ಅರ್ಧ ಕತ್ತರಿಸಿದ ಗುಳಿ. ಇಂಥದ್ದು ಒಂದು ಸಲ ಕಣ್ಣಿಗೆ ಬಿದ್ದರೆ ಆಮೇಲೆ ಪ್ರತಿದಿನ ಬೀಳುತ್ತದೆ.

ಒಂದು ಉದಾಹರಣೆ. ಕಪಾಟಿನ ಅಗಲ 1215 ಮಿಲಿಮೀಟರ್. ಗುಳಿ 25ರದ್ದು. ಭಾಗಿಸಿದರೆ 48.6 ಬರುತ್ತದೆ. ಆ ಪಾಯಿಂಟ್ ಆರು ಎಲ್ಲೋ ಒಂದು ಕಡೆ ಹರಿದ ಗುಳಿಯಾಗಿ ನಿಲ್ಲುತ್ತದೆ. ಅದರ ಬದಲು ಎರಡೂ ಪಕ್ಕದಲ್ಲಿ 45 ಮಿಲಿಮೀಟರ್‌ನ ಪ್ಲೇನ್ ಪಟ್ಟಿ ಬಿಡಿ. ಉಳಿಯುವುದು 1125. ಅದರಲ್ಲಿ 25ರ ಗುಳಿ ಸರಿಯಾಗಿ 45 ಕೂರುತ್ತವೆ. ಸೀರೆಗೆ ಅಂಚು ಇದ್ದ ಹಾಗೆ ಆ ಪ್ಲೇನ್ ಪಟ್ಟಿ ಇಡೀ ಕಪಾಟಿಗೆ ಒಂದು ಅಚ್ಚುಕಟ್ಟು ಕೊಡುತ್ತದೆ. ಹೊರಮೂಲೆಗಳಲ್ಲೂ ಇದೇ ಉಪಾಯ. ಮೂಲೆಗೆ ಗುಳಿ ತಂದು ನಿಲ್ಲಿಸಬೇಡಿ, ಚೌಕ ಪಟ್ಟಿಯೊಂದನ್ನು ಕೊಟ್ಟು ಮುಗಿಸಿ.

ಡ್ರಾಯರ್‌ಗಳಿದ್ದರೆ ಮೇಲಿನ ಡ್ರಾಯರ್‌ನ ಗುಳಿ ಕೆಳಗಿನದಕ್ಕೆ ನೇರ ಕೂಡಬೇಕು. ಇದಕ್ಕೆ ಒಂದೇ ಹಲಗೆಯಲ್ಲಿ ಗುಳಿ ಕೊರೆದು, ಆಮೇಲೆ ಡ್ರಾಯರ್‌ಗಳಾಗಿ ಕತ್ತರಿಸಿ ಅಂತ ಮೇಸ್ತ್ರಿಗೆ ಹೇಳಿ. ಬೇರೆ ಬೇರೆ ಕೊರೆದು ಸೇರಿಸಿದರೆ ಒಂದು ಮಿಲಿಮೀಟರ್ ಆದರೂ ತಪ್ಪುತ್ತದೆ. ಹಿಡಿಗಳನ್ನೂ ಆಗಲೇ ಯೋಚಿಸಿ. ಗುಳಿಯ ಮೇಲೆ ಹಿಡಿ ಕೂರಿಸಿದರೆ ಅಲ್ಲಾಡುತ್ತದೆ. ಅಂಚಿನಲ್ಲಿ ಬೆರಳು ಹಾಕಿ ಎಳೆಯುವ ಪ್ರೊಫೈಲ್ ಹಿಡಿ ಒಳ್ಳೆಯದು.

ಸ್ವಿಚ್‌ಬೋರ್ಡ್ ಕೂಡ ಹಾಗೇ. ಗುಳಿ ಇರುವ ಜಾಗದಲ್ಲಿ ಪ್ಲೇಟ್ ಕೂರಿಸಿದರೆ ಹಿಂದೆ ಸಂದು ಉಳಿಯುತ್ತದೆ. ಮನೆಯಲ್ಲಿ ಜಿರಳೆ ಇದ್ದರೆ ಅವು ಮೊದಲು ಹುಡುಕುವ ಜಾಗ ಅದು. ಪ್ಲೇಟ್‌ನಷ್ಟೇ ಅಗಲದ ಚಪ್ಪಟೆ ಹಲಗೆಯನ್ನು ಪ್ಯಾನೆಲ್ ನಡುವೆ ಕೂರಿಸಿ ಅದರ ಮೇಲೆ ಬೋರ್ಡ್ ಹಾಕಿಸಿ. ಎಲೆಕ್ಟ್ರಿಷಿಯನ್ ಬಂದು ಹೋದ ಮೇಲೆ ಇದನ್ನು ಸರಿಮಾಡಲು ಆಗಲ್ಲ, ಅದಕ್ಕೇ ಪಾಯಿಂಟ್‌ಗಳನ್ನು ಮೊದಲೇ ಗುರುತು ಮಾಡಿ. ಟಿವಿ ಬ್ರಾಕೆಟ್‌ನ ಭಾರ ಪ್ಯಾನೆಲ್ ಮೇಲೆ ಬೀಳಬಾರದು. ಸ್ಕ್ರೂ ಹಿಂದಿನ ಗೋಡೆಯನ್ನೇ ಹಿಡಿಯಬೇಕು.

ಗಾಜು

ರೀಡೆಡ್ ಗಾಜನ್ನು ಅಂಗಡಿಯಲ್ಲಿ ಫ್ಲೂಟೆಡ್ ಗ್ಲಾಸ್ ಅಂತ ಕೇಳಿದರೆ ಸಿಗುತ್ತದೆ. ಹಳೆಯ ಆಫೀಸುಗಳ, ನರ್ಸಿಂಗ್ ಹೋಮ್‌ಗಳ ಬಾಗಿಲಲ್ಲಿ ನೋಡಿರುತ್ತೀರಿ. ಬೆಳಕನ್ನು ಬಹುಪಾಲು ಬಿಡುತ್ತದೆ, ಆಚೆಗಿರುವುದನ್ನು ಕಲಸಿಬಿಡುತ್ತದೆ. ಕತ್ತಲೆ ಪ್ಯಾಸೇಜ್ ಇರುವ ಅಪಾರ್ಟ್‌ಮೆಂಟ್‌ಗಳಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಗೊತ್ತಿಲ್ಲ.

ಆದರೆ ಮರೆ ಎಷ್ಟು ಸಿಗುತ್ತದೆ ಅನ್ನೋದನ್ನು ಸರಿಯಾಗಿ ತಿಳಿದುಕೊಳ್ಳಿ. ಗಾಜಿಗೆ ಅಂಟಿಕೊಂಡಂತೆ ಇರುವ ವಸ್ತು ಗುರುತು ಹಿಡಿಯುವಷ್ಟು ಕಾಣುತ್ತದೆ. ದೂರ ಹೋದಷ್ಟೂ ಕರಗುತ್ತದೆ. ಹಾಗಾಗಿ ಅಡುಗೆಮನೆಯ ಕಪಾಟಿಗೆ ಈ ಗಾಜು ಹಾಕಿದರೆ ಡಬ್ಬಗಳನ್ನು ನಾಲ್ಕು ಇಂಚು ಹಿಂದಕ್ಕೆ ಇಡಿ. ಬಾತ್‌ರೂಮ್ ಬಾಗಿಲಿಗೆ ಹಾಕುವುದಾದರೆ ರಾತ್ರಿ ಒಳಗೆ ಲೈಟ್ ಹಾಕಿ, ಹೊರಗೆ ಆರಿಸಿ, ಒಬ್ಬರನ್ನು ಒಳಗೆ ನಿಲ್ಲಿಸಿ ನೋಡಿ. ಒಳಗಿರುವವರ ಆಕಾರ ಹೊರಗೆ ಕಾಣುತ್ತದೆ. ಅತ್ತೆ ಮಾವ, ಬಂದುಹೋಗುವ ನೆಂಟರು ಇರುವ ಮನೆಗೆ ನಾನು ಇದನ್ನು ಬೇಡ ಅನ್ನುತ್ತೇನೆ.

ಆರ್ಡರ್ ಕೊಡುವಾಗ ಗೆರೆ ಯಾವ ದಿಕ್ಕಿಗೆ ಅನ್ನೋದನ್ನು ಕಾಗದದ ಮೇಲೆ ಬಾಣ ಹಾಕಿ ಬರೆದುಕೊಡಿ. ಬರೀ ಉದ್ದ, ಅಗಲ ಹೇಳಿದರೆ ಅಡ್ಡ ಗೆರೆಯ ಗಾಜು ಬಂದು ಕೂರುತ್ತದೆ. ಬಾಗಿಲಿಗಾದರೆ ಟಫನ್ಡ್ ಗಾಜೇ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜೇ ಬೇಕು. ಟಫನ್ ಆದ ಮೇಲೆ ಅದನ್ನು ಕತ್ತರಿಸಲು ಆಗಲ್ಲ, ತೂತು ಕೊರೆಯಲೂ ಆಗಲ್ಲ. ಹಿಡಿ, ಹಿಂಜ್‌ಗಳ ತೂತು ಎಲ್ಲಾ ಮೊದಲೇ ಗುರುತಾಗಿರಬೇಕು. ಎರಡು ಸ್ಲೈಡಿಂಗ್ ಬಾಗಿಲು ಒಂದರ ಹಿಂದೊಂದು ಸರಿಯುವ ಕಡೆ ಎರಡಕ್ಕೂ ಈ ಗಾಜು ಹಾಕಬೇಡಿ. ಗೆರೆಯ ಮೇಲೆ ಗೆರೆ ಬಂದು ನೀರು ಅಲ್ಲಾಡಿದ ಹಾಗೆ ಕಾಣುತ್ತದೆ, ಕೆಲವರಿಗೆ ತಲೆ ಸುತ್ತುತ್ತದೆ.

ಈ ಗಾಜಿಗೆ ಒಂದು ಕಡೆ ಗೆರೆ, ಇನ್ನೊಂದು ಕಡೆ ನುಣುಪು. ಕೊಳೆ ಆಗುವ ಕಡೆಗೆ ನುಣುಪು ಮೈ ಇರಲಿ. ಅಡುಗೆಮನೆಯಲ್ಲಿ ಒಗ್ಗರಣೆ ಹೊಗೆ ತಗಲುವ ಕಡೆ, ಬಾತ್‌ರೂಮಿನಲ್ಲಿ ನೀರು ಬೀಳುವ ಕಡೆ. ಇಷ್ಟು ಸಣ್ಣ ವಿಷಯ, ಆದರೆ ಫಿಟ್ ಮಾಡುವವರು ಕೇಳದೆ ಹೇಗೆಂದರೆ ಹಾಗೆ ಕೂರಿಸಿ ಹೋಗುತ್ತಾರೆ.

ದೇವರಮನೆ ಬಾಗಿಲಿಗೆ ಈ ಗಾಜು ಹಾಕಿದ ಮನೆಗಳನ್ನು ನೆನೆಸಿಕೊಂಡರೆ ನನಗೆ ಈಗಲೂ ಖುಷಿ. ಸಂಜೆ ಬಾಗಿಲು ಮುಚ್ಚಿದಾಗ ಒಳಗಿನ ಒಂದೇ ದೀಪ ಗೆರೆಗೆ ಒಂದರಂತೆ ಒಡೆದು ಉದ್ದಕ್ಕೆ ನಿಲ್ಲುತ್ತದೆ. ಒಳಗಡೆ ಮಾತ್ರ, ದೀಪದ ಹಿಂದಿನ ಗೋಡೆಗೆ ಗುಳಿಯೂ ಬೇಡ, ಉಬ್ಬೂ ಬೇಡ. ಎಣ್ಣೆ ಜಿಡ್ಡು, ಊದುಬತ್ತಿ ಬೂದಿ, ಕುಂಕುಮ ಮೂರೂ ಸೇರಿ ಗುಳಿಯಲ್ಲಿ ಕೂತರೆ ಯಾವ ಸೋಪಿಗೂ ಬಿಡಲ್ಲ. ಅಲ್ಲಿ ನುಣುಪು ಕಲ್ಲೇ ಇರಲಿ.

ಎಲ್ಲಿ ಬೇಡ

ಸ್ಟವ್ ಹಿಂದಿನ ಗೋಡೆಗೆ ಬೇಡ. ಸಾಸಿವೆ ಸಿಡಿಯುವ ಜಾಗದಲ್ಲಿ ಗುಳಿ ಇಟ್ಟರೆ ಪ್ರತಿದಿನ ರಾತ್ರಿ ಅದನ್ನು ತಿಕ್ಕುವುದು ಮನೆಯ ಹೆಂಗಸರ ತಲೆಗೆ ಬರುತ್ತದೆ. ಅಡುಗೆಮನೆಯಲ್ಲಿ ಬೇಕೇ ಬೇಕು ಅಂದರೆ ಊಟದ ಕಡೆಗೆ ಮುಖ ಮಾಡಿದ ಬ್ರೇಕ್‌ಫಾಸ್ಟ್ ಕೌಂಟರ್‌ನ ಹೊರಮೈಗೆ ಹಾಕಿಸಿ. ಅಲ್ಲೂ ಕಾಲು ತಗಲುವ ಕೆಳಗಿನ ನಾಲ್ಕು ಇಂಚು ಪ್ಲೇನ್.

ಬೋರ್‌ವೆಲ್ ನೀರು ಬಳಸುವ ಮನೆಯಲ್ಲಿ ಶವರ್ ಬೀಳುವ ಗೋಡೆಗೆ ಕಿಟ್‌ಕ್ಯಾಟ್ ಟೈಲ್ಸ್ (ಬೆರಳಿನ ಹಾಗೆ ಕಿರಿದಾದ ಪಟ್ಟಿಗಳ ಟೈಲ್ಸ್), ಗುಳಿ ಟೈಲ್ಸ್ ಬೇಡ. ಗಡಸು ನೀರಿನ ಬಿಳಿ ಕಲೆ ಪ್ರತಿ ಸಂದಿನಲ್ಲೂ ಕೂರುತ್ತದೆ. ವಾಶ್ ಬೇಸಿನ್ ಹಿಂದಿನ ಒಣ ಗೋಡೆಗಾದರೆ ಚಿಂತೆಯಿಲ್ಲ.

ಅಡ್ಡ ಗೆರೆಯ ಪ್ಯಾನೆಲ್ ಬಗ್ಗೆ ಆಗಾಗ ಕೇಳುತ್ತಾರೆ, ರೂಮು ಅಗಲ ಕಾಣುತ್ತದಂತೆ ಅಂತ. ಕಾಣಬಹುದು. ಆದರೆ ಪ್ರತಿ ಗುಳಿಯೂ ಧೂಳಿಗೆ ಒಂದು ಶೆಲ್ಫ್ ಆಗುತ್ತದೆ. ರಸ್ತೆ ಪಕ್ಕದ ಮನೆಯಲ್ಲಿ ನಾಲ್ಕು ದಿನಕ್ಕೆ ಬೆರಳಲ್ಲಿ ಹೆಸರು ಬರೆಯಬಹುದು.

ಮತ್ತೆ, ಒಂದು ರೂಮಿನಲ್ಲಿ ಒಂದೇ ಜಾಗ. ಟಿವಿ ಗೋಡೆಗೂ ಅದೇ, ಎದುರಿನ ಶೂ ರ‍್ಯಾಕ್‌ಗೂ ಅದೇ, ಡೈನಿಂಗ್ ಟೇಬಲ್ ಕಾಲಿಗೂ ಅದೇ ಆದರೆ ಕಣ್ಣಿಗೆ ಕೂರಲು ಜಾಗವೇ ಇರಲ್ಲ. ಗುಳಿ ಚೆನ್ನಾಗಿ ಕಾಣುವುದು ಪಕ್ಕದಲ್ಲಿ ಬೋಳು ಗೋಡೆ ಇದ್ದಾಗ. ಬಾಡಿಗೆ ಮನೆಯಲ್ಲಿರುವವರು ಗೋಡೆ ಮುಟ್ಟಲೇಬೇಕಾಗಿಲ್ಲ. ಒಂದು ರೀಡೆಡ್ ಸ್ಟೂಲ್ ತಂದು ಕಿಟಕಿ ಪಕ್ಕ ಇಡಿ, ಮನೆ ಬದಲಿಸುವಾಗ ಅದೂ ಜೊತೆಗೆ ಬರುತ್ತದೆ.

ಅಜ್ಜಿಯ ಗೋಡೆ

ಒರೆಸುವುದಕ್ಕೆ ಬಟ್ಟೆಗಿಂತ ಬ್ರಷ್ ಒಳ್ಳೆಯದು. ಹೊಸ ಪೇಂಟ್ ಬ್ರಷ್, ಎರಡು ಇಂಚಿನದು, ಮೆದು ಕೂದಲಿನದು. ವಾರಕ್ಕೊಮ್ಮೆ ಮೇಲಿಂದ ಕೆಳಕ್ಕೆ ಎಳೆದರೆ ಧೂಳು ಉದುರುತ್ತದೆ. ಆಮೇಲೆ ನೆಲ ಗುಡಿಸಿ. ಒದ್ದೆ ಬಟ್ಟೆ ತಿಂಗಳಿಗೊಮ್ಮೆ ಸಾಕು, ಅದೂ ಚೆನ್ನಾಗಿ ಹಿಂಡಿದ್ದು. ಧೂಳಿನ ಮೇಲೆ ನೇರ ಒದ್ದೆ ಬಟ್ಟೆ ಹಾಕಿದರೆ ಧೂಳು ಕೆಸರಾಗಿ ಸಂದಿಗೆ ಇಳಿಯುತ್ತದೆ.

ವಿಜಯನಗರದ ಮನೆಯಲ್ಲಿ ಮೊದಲು ಬರೆದಿದ್ದ ಡ್ರಾಯಿಂಗ್ ಅನ್ನು ಪಕ್ಕಕ್ಕಿಟ್ಟೆವು. ಟಿವಿ ಗೋಡೆ ಕಿಟಕಿಗೆ ಎದುರಿಗಿತ್ತು, ಅಲ್ಲಿ ಹೇಗಿದ್ದರೂ ನೆರಳು ನಿಲ್ಲುತ್ತಿರಲಿಲ್ಲ. ಅದನ್ನು ಪ್ಲೇನ್ ಬಿಟ್ಟು, ಕಿಟಕಿಯ ಪಕ್ಕದ ಕಿರಿದಾದ ಗೋಡೆಗೆ ಮಾತ್ರ ತಿಳಿ ತೇಗದ ಬಣ್ಣದ ಫ್ಲೂಟೆಡ್ ಹಾಕಿದೆವು. ನಾಲ್ಕು ಅಡಿ ಅಗಲ, 25 ಮಿಲಿಮೀಟರ್‌ನ ಗುಳಿ, ಎರಡು ಪಕ್ಕ ಪ್ಲೇನ್ ಪಟ್ಟಿ, ಕೆಳಗೆ ಒಂದು ಅಡಿ ಬೋಳು. ಮೇಲಿನ ತುದಿಯನ್ನು ಸೀಲಿಂಗ್ ತನಕ ಒಯ್ಯದೆ ಏಳು ಅಡಿಗೆ ನಿಲ್ಲಿಸಿ, ತುದಿಗೆ ಇಳಿಜಾರು ಪಟ್ಟಿ ಕೊಟ್ಟೆವು. ಅಲ್ಲಿ ಧೂಳು ನಿಲ್ಲಬಾರದು, ಕುರ್ಚಿ ಹತ್ತದೆ ಬ್ರಷ್ ಮುಟ್ಟಬೇಕು ಅಂತ.

ಮೂರು ತಿಂಗಳಾದ ಮೇಲೆ ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ಒಳಗೆ ಹೋಗಿ ಕೂತೆ. ಮಧ್ಯಾಹ್ನ ನಾಲ್ಕು ಗಂಟೆ, ಬಿಸಿಲು ಓರೆಯಾಗಿ ಬಂದಿತ್ತು. ಅಜ್ಜಿ ತಮ್ಮ ಕುರ್ಚಿಯನ್ನು ಟಿವಿ ಕಡೆಯಿಂದ ಆ ಗೋಡೆಯ ಕಡೆಗೆ ತಿರುಗಿಸಿಕೊಂಡಿದ್ದರು. ಪ್ಲೇನ್ ಪಟ್ಟಿಯ ಪಕ್ಕದ ಒಂದು ಸಣ್ಣ ಮೊಳೆಗೆ ಪೇಂಟ್ ಬ್ರಷ್ ನೇತುಹಾಕಿದ್ದರು, ದಾರ ಕಟ್ಟಿ.